ಸ್ಪ್ಯಾನಿಷ್ ಪದಗಳಿಗೆ ಕನ್ನಡವೇ ಹತ್ತಿರ

ಇಂಗ್ಲಿಷ್ ಪಠ್ಯಪುಸ್ತಕದ ನೆರವಿನಿಂದ ಸ್ಪ್ಯಾನಿಷ್ ಕಲಿಯಲು ಹೊರಟ ನನಗೆ ಮೊದಲ ತೊಡಕು ಎದುರಾದದ್ದು ‘ಗುಸ್ತಾರ್’ ಎಂಬ ಕ್ರಿಯಾಪದದಲ್ಲಿ. ‘ಮೆ ಗುಸ್ತಾ ಎಲ್ ಕಾಫೆ’ ಎಂಬ ವಾಕ್ಯದಲ್ಲಿ ಕಾಫಿಯೇ ಕರ್ತೃ, ಕುಡಿಯುವವನಿಗೆ ಚತುರ್ಥಿ ವಿಭಕ್ತಿ ಎಂಬುದನ್ನು ವಿವರಿಸಲು ಆ ಪುಸ್ತಕ ಎರಡು ಪುಟಗಳನ್ನು ತೆಗೆದುಕೊಂಡಿತ್ತು. ‘ನನಗೆ ಕಾಫಿ ಹಿಡಿಸುತ್ತದೆ’ ಎಂದು ಕನ್ನಡದಲ್ಲಿ ಹೇಳಿಕೊಂಡೊಡನೆ ಆ ವಿವರಣೆಯ ಅಗತ್ಯವೇ ಉಳಿಯಲಿಲ್ಲ. ಮಾವಿನ ಹಣ್ಣುಗಳ ಮಾತು ಬಂದರೆ ‘ಮೆ ಗುಸ್ತಾನ್ ಲೊಸ್ ಮಾಂಗೊಸ್’ ಎಂದು ಕ್ರಿಯಾಪದ ಬಹುವಚನಕ್ಕೆ ತಿರುಗುತ್ತದೆ. ನಾವೂ ‘ಹಣ್ಣುಗಳು ಹಿಡಿಸುತ್ತವೆ’ ಎನ್ನುತ್ತೇವೆ. ಇದರ ಮೂಲವಾದ ಲ್ಯಾಟಿನ್‌ನ ‘ಗುಸ್ತಾರೆ’ಗೆ ರುಚಿ ನೋಡು ಎಂದು ಅರ್ಥ.

ಇಂಗ್ಲಿಷ್‌ನ ‘ಟು ಬಿ’ ಒಂದಕ್ಕೇ ಸ್ಪ್ಯಾನಿಷ್‌ನಲ್ಲಿರುವ ‘ಸೆರ್’ ಮತ್ತು ‘ಎಸ್ತಾರ್’ ಎಂಬ ಕ್ರಿಯಾಪದಗಳ ಜೋಡಿಯಂತೂ ಇಂಗ್ಲಿಷ್‌ನ ದಾರಿಯಲ್ಲಿ ಹೋದವರನ್ನು ಬಹಳ ಕಾಡುತ್ತದೆ. ಶಾಶ್ವತವಾದುದಕ್ಕೆ ಮೊದಲನೆಯದು, ತಾತ್ಕಾಲಿಕವಾದುದಕ್ಕೆ ಎರಡನೆಯದು ಎಂಬ ಸೂತ್ರವನ್ನು ನಾನೂ ಬಾಯಿಪಾಠ ಮಾಡಿದ್ದೆ. ಆದರೆ ಸಾವಿನಷ್ಟು ಶಾಶ್ವತವಾದ ಸಂಗತಿಗೂ ‘ಎಸ್ತಾ ಮುಎರ್ತೊ’ ಎಂದು ಎಸ್ತಾರ್ ಬಳಸುವುದನ್ನು ಕಂಡಾಗ ಆ ಸೂತ್ರದ ಮೇಲಿನ ನಂಬಿಕೆ ಹೋಯಿತು. ಕನ್ನಡದಲ್ಲಿ ಅದು ‘ಸತ್ತಿದ್ದಾನೆ’, ಅಂದರೆ ಸತ್ತು ಇದ್ದಾನೆ. ಸೆರ್‌ನ ರೂಪವಾದ ‘ಎಸ್’ ಸೇರಿಸಿ ‘ಎಸ್ ಲಿಸ್ತೊ’ ಎಂದರೆ ‘ಅವನು ಜಾಣ’, ಅಲ್ಲಿ ನಮಗೆ ಕ್ರಿಯಾಪದವೇ ಬೇಡ. ‘ಎಸ್ತಾ ಲಿಸ್ತೊ’ ಎಂದರೆ ‘ಅವನು ಸಿದ್ಧನಾಗಿದ್ದಾನೆ’, ಅಲ್ಲಿ ‘ಇರು’ ತಾನಾಗಿ ಬಂದು ಸೇರುತ್ತದೆ. ಎಸ್ತಾರ್ ಹುಟ್ಟಿದ್ದು ನಿಲ್ಲು ಎಂಬರ್ಥದ ಲ್ಯಾಟಿನ್ ‘ಸ್ತಾರೆ’ಯಿಂದ. ಈ ಹೋಲಿಕೆ ಎಲ್ಲ ಕಡೆಯೂ ಒಪ್ಪುವುದಿಲ್ಲ: ‘ಸಮಾರಂಭ ನಮ್ಮ ಮನೆಯಲ್ಲಿದೆ’ ಎನ್ನುವಾಗ ಸ್ಪ್ಯಾನಿಷ್‌ಗೆ ಸೆರ್ ಬೇಕು. ಆದರೂ ಕಲಿಕೆಯ ಮೊದಲ ದಿನಗಳಲ್ಲಿ ಇದಕ್ಕಿಂತ ಒಳ್ಳೆಯ ಆಸರೆ ನನಗೆ ಸಿಕ್ಕಿಲ್ಲ.

‘ಎಸ್ಪೆರಾರ್’ ಎಂಬ ಪದಕ್ಕೆ ಕಾಯುವುದು, ಆಶಿಸುವುದು ಎಂಬ ಎರಡೂ ಅರ್ಥಗಳಿವೆ. ಲ್ಯಾಟಿನ್‌ನ ‘ಸ್ಪೇರಾರೆ’ ಆಶೆಯ ಪದವೇ ಆಗಿತ್ತು. ನಮ್ಮ ‘ಕಾಯು’ವಿನಲ್ಲಿ ಆಶೆಯ ಬದಲು ಕಾವಲಿದೆ.

ಲ್ಯಾಟಿನ್‌ನಲ್ಲಿ ‘ಮಿಹಿ ಸುಂತ್ ದುಒ ಫಿಲಿಈ’ ಎಂದರೆ ‘ನನಗೆ ಇಬ್ಬರು ಗಂಡುಮಕ್ಕಳಿದ್ದಾರೆ’. ಮಿಹಿ ಎಂದರೆ ನನಗೆ, ಸುಂತ್ ಎಂದರೆ ಇದ್ದಾರೆ. ಸ್ಪ್ಯಾನಿಷ್ ಈ ರಚನೆಯನ್ನು ಬಿಟ್ಟು, ಹಿಡಿದುಕೊಳ್ಳು ಎಂಬರ್ಥದ ‘ತೆನೇರೆ’ಯಿಂದ ಬಂದ ಕ್ರಿಯಾಪದವನ್ನು ಹಿಡಿದು ‘ತೆಂಗೊ ದೊಸ್ ಇಹೊಸ್’ ಎನ್ನುತ್ತದೆ. ಇದಕ್ಕೆ ನನ್ನ ನಾಲಿಗೆ ಇನ್ನೂ ಒಗ್ಗಿಲ್ಲ. ಮಾತಿಗೆ ಹೊರಟರೆ ‘ನನಗೆ’ ಎಂಬುದೇ ಮೊದಲು ಬಾಯಿಗೆ ಬರುತ್ತದೆ.