ಡರ್ಬಿಯ ಎಂಪಿ ಮತ್ತು ನಮ್ಮ ಸಮಾಜದ ಮೇಷ್ಟ್ರು

ಪಾವಗಡದ ಹೈಸ್ಕೂಲಿನ ಮಕ್ಕಳಿಗೆ ಇಂಗ್ಲೆಂಡಿನ ಡರ್ಬಿ ಅನ್ನೋ ಊರಿನ ಎಂಪಿ ಯಾರು ಅಂತ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ. ನಮಗೆ ಗೊತ್ತಿತ್ತು. ನಮ್ಮ ತಾಲ್ಲೂಕಿನ ಎಂಎಲ್‌ಎ ಹೆಸರು ಕೇಳಿದರೆ ತಡವರಿಸುತ್ತಿದ್ದ ಹುಡುಗರೂ ಫಿಲಿಪ್ ನೋಯೆಲ್-ಬೇಕರ್ ಅಂತ ಒಂದೇ ಉಸಿರಿಗೆ ಹೇಳುತ್ತಿದ್ದರು. ದೇಶಗಳು ಬಾಂಬು, ಶಸ್ತ್ರ ಕೆಳಗಿಡಬೇಕು ಅಂತ ದುಡಿದು ನೊಬೆಲ್ ಶಾಂತಿ ಬಹುಮಾನ ಪಡೆದವರು ಅವರು. ಅದಕ್ಕೆಲ್ಲ ಕಾರಣ ನಮ್ಮ ಸಮಾಜದ ಮೇಷ್ಟ್ರು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಮೇಷ್ಟ್ರು ತೀರಿಕೊಂಡರು. ತಿಥಿಯ ದಿನ ನಮ್ಮ ಬ್ಯಾಚಿನವರು ಬೆಂಗಳೂರು, ತುಮಕೂರು, ಹಿಂದೂಪುರ ಅಂತ ಎಲ್ಲೆಲ್ಲಿದ್ದರೋ ಅಲ್ಲಿಂದ ಬಂದು ಅವರ ಮನೆಯಲ್ಲಿ ಸೇರಿದೆವು. ಎಷ್ಟೋ ಜನರನ್ನು ನಾನು ನೋಡಿ ಮೂವತ್ತು ವರ್ಷದ ಮೇಲಾಗಿತ್ತು. ಊಟಕ್ಕೆ ಕೂತರೂ ಮಾತು ಬೇಕರ್ ಸುತ್ತಲೇ. ಹಾಗಾಗಿ ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಈಗಿನ ಮುಖ್ಯೋಪಾಧ್ಯಾಯರು ಕೇಳಿದಾಗ ನಾನು ಯೋಚನೆ ಮಾಡಲೇ ಇಲ್ಲ, ಇದನ್ನೇ ಬರೆಯುತ್ತೇನೆ ಅಂದೆ.

ಮೇಷ್ಟ್ರ ಹೆಗಲಲ್ಲಿ ಸದಾ ಒಂದು ಬಟ್ಟೆ ಚೀಲ. ಚೀಲದಲ್ಲಿ ಒಂದು ಹಳೇ ಅಟ್ಲಾಸು. ಅದರ ಬೈಂಡು ಕಿತ್ತುಹೋಗಿದ್ದರಿಂದ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ದರು. ಆ ರಬ್ಬರು ಪಟ್ ಅಂತ ಬಿಚ್ಚಿದ ಸದ್ದು ಕೇಳಿದರೆ ಇವತ್ತು ಪುಸ್ತಕದ ಪಾಠ ಇಲ್ಲ ಅಂತ ಅರ್ಥ. ಯುರೋಪಿನ ಪುಟದಲ್ಲಿ ಸ್ಟಾಕ್‌ಹೋಮ್ ಪಕ್ಕ ಕೆಂಪು ಪೆನ್ನಿನಲ್ಲಿ ಎರಡು ಚುಕ್ಕೆ ಇಟ್ಟು, ಒಂದರ ಮುಂದೆ 1912, ಇನ್ನೊಂದರ ಮುಂದೆ 1972 ಅಂತ ಬರೆದಿದ್ದರು.

1912 ಒಲಿಂಪಿಕ್ಸ್‌ದು. ಬೇಕರ್ ಆಗ ಹುಡುಗ, 1500 ಮೀಟರ್ ಓಡಿದರು. ತನ್ನ ತಂಡದ ಜಾಕ್ಸನ್ ಗೆಲ್ಲಲಿ ಅಂತ ಅವನಿಗೆ ಜೊತೆ ಕೊಟ್ಟು ಓಡಿ ತಾನು ಆರನೆಯವರಾಗಿ ಬಂದರು. ಜಾಕ್ಸನ್‌ಗೆ ಚಿನ್ನ. ಎಂಟು ವರ್ಷದ ಮೇಲೆ ಆಂಟ್‌ವರ್ಪ್‌ನಲ್ಲಿ ಅದೇ ಓಟದಲ್ಲಿ ಬೇಕರ್‌ಗೂ ಬೆಳ್ಳಿ ಬಂತು. ಈ ಕತೆ ಕೇಳಿದ್ದೇ ನಮ್ಮ ಪಿಟಿ ಮೇಷ್ಟ್ರಿಗೆ ಹುಚ್ಚು ಹಿಡಿಯಿತು. ನಮ್ಮ ಮೈದಾನ ಸುತ್ತಿದರೆ 200 ಮೀಟರು, ಅಂದರೆ ಏಳೂವರೆ ಸುತ್ತು. ಸುಣ್ಣದ ಗೆರೆ ಹಾಕಿ, ಸೀಟಿ ಕಚ್ಚಿಕೊಂಡು ನಿಂತು, ಇಬ್ಬಿಬ್ಬರನ್ನು ಜೋಡಿ ಮಾಡಿ ಓಡಿಸೋರು. ಒಬ್ಬ ಗೆಲ್ಲೋಕೆ ಓಡಬೇಕು, ಇನ್ನೊಬ್ಬ ಅವನನ್ನ ಗೆಲ್ಲಿಸೋಕೆ ಓಡಬೇಕು, ಮುಂದಿನ ವಾರ ಅದಲು ಬದಲು. ನಾನು ಎರಡೂ ಕೆಲಸ ಚೆನ್ನಾಗಿ ಮಾಡುತ್ತಿದ್ದೆ. ಜಿಲ್ಲಾ ಮಟ್ಟಕ್ಕೆ ತುಮಕೂರಿಗೆ ಹೋಗಿ ಪದಕ ತಂದ ನನ್ನ ಜೋಡಿ ಗೆಳೆಯ ತಿಥಿಯ ದಿನವೂ ಎಲ್ಲರೆದುರು ಆ ಮಾತು ಹೇಳಿದ.

1972ರ ಚುಕ್ಕೆ ಪರಿಸರ ಸಮ್ಮೇಳನದ್ದು. ಆತಿಥ್ಯ ವಹಿಸಿದ ಸ್ವೀಡನ್ನಿನ ಪ್ರಧಾನಿಯನ್ನು ಬಿಟ್ಟರೆ ಅಲ್ಲಿಗೆ ಹೋದ ಪ್ರಧಾನಿ ಇಂದಿರಾ ಗಾಂಧಿ ಒಬ್ಬರೇ. ನಾಲ್ಕು ವರ್ಷದ ಮೇಲೆ ನಮ್ಮ ಸಂವಿಧಾನಕ್ಕೆ ಪರಿಸರ ಕಾಪಾಡುವ 48ಎ ವಿಧಿ ಸೇರಿತು. ಮಳೆಯೇ ಇಲ್ಲದ, ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಮಕ್ಕಳ ಹಲ್ಲು ಹಳದಿಯಾಗುತ್ತಿದ್ದ ನಮ್ಮೂರಲ್ಲಿ ಇದನ್ನು ಹೇಳಿ, "ಗಾಳಿ, ನೀರು, ಬದುಕೋ ಹಕ್ಕು, ಬಾಂಬು, ಇವನ್ನ ಬೇರೆ ಬೇರೆ ಪಾಠ ಅಂದ್ಕೋಬೇಡ್ರೋ" ಅನ್ನೋರು. ಈಗ ಹವಾಮಾನ ಬದಲಾವಣೆ ಅಂತ ಎಲ್ಲರೂ ಮಾತಾಡುತ್ತಾರೆ. ನಮ್ಮ ಮೇಷ್ಟ್ರು 1982ರಲ್ಲೇ ಆ ದಾರಿಯಲ್ಲಿ ಯೋಚಿಸುತ್ತಿದ್ದರು ಅನ್ನೋದು ನನಗೆ ಈಗಲೂ ಹೆಮ್ಮೆ.

ಬೇಕರ್ ಬಗ್ಗೆ ಅವರು ಹೇಳಿದ್ದರಲ್ಲಿ ನನ್ನ ಮನಸ್ಸಿಗೆ ಹೊಕ್ಕಿದ್ದು ಎರಡು. ಒಂದು, ಮೊದಲ ಮಹಾಯುದ್ಧದಲ್ಲಿ ಬೇಕರ್ ಬಂದೂಕು ಹಿಡಿಯಲಿಲ್ಲ. ಅವರು ಕ್ವೇಕರ್ ಪಂಗಡದವರು, ಕೊಲ್ಲೋದು ಅವರ ಧರ್ಮಕ್ಕೆ ಒಗ್ಗದು. ಹಾಗಂತ ಮನೆಯಲ್ಲೂ ಕೂರಲಿಲ್ಲ. ಗಾಯಾಳುಗಳನ್ನು ಹೊತ್ತೊಯ್ಯುವ ಆಂಬುಲೆನ್ಸ್ ದಳ ಕಟ್ಟಿಕೊಂಡು ಗುಂಡು ಹಾರುವ ಜಾಗಕ್ಕೇ ಹೋದರು. ಎರಡನೆಯದು 1938ರ ನವೆಂಬರಿನದು. ಜರ್ಮನಿಯಲ್ಲಿ ನಾಜಿಗಳು ಯಹೂದಿಗಳ ಅಂಗಡಿ ಒಡೆದು, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟರು. ಆ ತಿಂಗಳ 21ರಂದು ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಎದ್ದು ನಿಂತು ಈ ಚರ್ಚೆ ಶುರು ಮಾಡಿದ್ದು ಬೇಕರ್. ಆಗ ಅವರು ವಿರೋಧ ಪಕ್ಷದಲ್ಲಿದ್ದರು, ಕೈಯಲ್ಲಿ ಅಧಿಕಾರ ಇರಲಿಲ್ಲ. ಆದರೂ ಆ ದಿನವೇ ಸರ್ಕಾರ, ಮಕ್ಕಳು ಬಂದರೆ ಒಳಗೆ ಬಿಡುತ್ತೇವೆ ಅಂತ ಒಪ್ಪಿತು. ಯುದ್ಧ ಶುರುವಾಗುವಷ್ಟರಲ್ಲಿ ಸುಮಾರು 10,000 ಮಕ್ಕಳು ರೈಲು, ಹಡಗು ಹತ್ತಿ ಬಂದು ಬದುಕಿಕೊಂಡರು. ಇದನ್ನು ಹೇಳುವಾಗ ಮೇಷ್ಟ್ರ ಗಂಟಲು ಕಟ್ಟುತ್ತಿತ್ತು. "ಆ ಮಕ್ಕಳಲ್ಲಿ ಒಬ್ಬರಿಗೂ ಡರ್ಬಿಯಲ್ಲಿ ಓಟು ಇರಲಿಲ್ಲ ಕಣ್ರೋ" ಅನ್ನೋರು.

ಅವರು ಬೇಕರ್‌ಗೆ ಪೂಜೆ ಮಾಡಿಸಲಿಲ್ಲ. ಅದೇ ಅವರ ದೊಡ್ಡತನ. ಒಂದು ದಿನ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, "ಸಾರ್, ಬಾಂಬು ಬೇಡ ಅನ್ನೋರು 1946ರಲ್ಲಿ ವಿಮಾನಪಡೆಗೇ ಮಂತ್ರಿ ಯಾಕಾದ್ರು?" ಅಂದಳು. ಕ್ಲಾಸು ಗಪ್‌ಚಿಪ್. ಮೇಷ್ಟ್ರು ಅವಳನ್ನು ಮುಂದಕ್ಕೆ ಕರೆದು, ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆಸಿದರು. ಅದರ ಕೆಳಗೆ ತಾವೇ ಇನ್ನೊಂದು ಬರೆದರು. 1948ರಲ್ಲಿ ಕಾಶ್ಮೀರದ ವಿಷಯ ವಿಶ್ವಸಂಸ್ಥೆಗೆ ಹೋದಾಗ ಇದೇ ಬೇಕರ್ ಪಾಕಿಸ್ತಾನದ ಕಡೆ ವಾಲಿದರು ಅಂತ ಭಾರತಕ್ಕೆ ಸಿಟ್ಟು ಬಂದದ್ದು ಯಾಕೆ? ಎರಡೂ ಪ್ರಶ್ನೆ ವಾರವಿಡೀ ಬೋರ್ಡ್ ಮೇಲಿದ್ದವು. ಗಣಿತದ ಮೇಷ್ಟ್ರು ಬೈದುಕೊಂಡು ಉಳಿದ ಜಾಗದಲ್ಲೇ ಲೆಕ್ಕ ಮಾಡಿಸಿದರು. ಆ ಹುಡುಗಿ ಮುಂದೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದಳು.

ಇನ್ನು ಕ್ಯಾಟರ್‌ಬಿಲ್ಲಿನ ಕತೆ. ನಮ್ಮ ಬ್ಯಾಚಿನ ಯಾರನ್ನು ಕೇಳಿದರೂ ಇದನ್ನೇ ಮೊದಲು ಹೇಳುತ್ತಾರೆ.

ಶಾಲೆಯ ಹಿಂದೆ ದೊಡ್ಡ ಹುಣಸೆಮರ ಇತ್ತು. ಅದು ಯಾರದು ಅಂತ ಎ ಸೆಕ್ಷನ್ನಿಗೂ ಬಿ ಸೆಕ್ಷನ್ನಿಗೂ ಜಗಳ. ನಾವು ಬಿ ಸೆಕ್ಷನ್. ಮೊದಲು ಎ ಸೆಕ್ಷನ್ನಿನವರು ಬೇವಿನ ಕಾಯಿ ಹೊಡೆದರು. ನಾವೂ ಬೇವಿನ ಕಾಯಿ ಹೊಡೆದೆವು. ಅವರು ಕಲ್ಲಿಗೆ ಬಂದರು, ನಾವೂ ಬಂದೆವು. ಆಮೇಲೆ ಅವರು ಸೈಕಲ್ ಶಾಪಿನಿಂದ ಬೇರಿಂಗ್ ಗುಂಡು ತಂದಿದ್ದಾರೆ ಅಂತ ಸುದ್ದಿ ಬಂತು, ನಿಜವೋ ಸುಳ್ಳೋ ಯಾರೂ ನೋಡಿರಲಿಲ್ಲ, ಆದರೆ ಮಾರನೇ ದಿನ ನಮ್ಮ ಕಡೆ ಎಲ್ಲರ ಜೇಬಿನಲ್ಲೂ ಗುಂಡು ಇತ್ತು. ಆ ವಾರವೇ ಒಂದು ಗುಂಡು ಹೋಗಿ, ಕುಡಿಯುವ ನೀರಿನ ಗುಡಾಣ ತುಂಬಿಸಲು ಬರುತ್ತಿದ್ದ ಅಜ್ಜಿಯ ಮಣ್ಣಿನ ಬಿಂದಿಗೆಗೆ ಬಡಿಯಿತು. ಬಿಂದಿಗೆ ಸೊಂಟದ ಮೇಲೇ ಒಡೆದು ಅಜ್ಜಿ ಪೂರ್ತಿ ನೆನೆದುಹೋದಳು.

ಹೆಡ್‌ಮಾಸ್ಟರು ಬೆತ್ತ ತರಿಸಿದರು. ಸಮಾಜದ ಮೇಷ್ಟ್ರು ತಡೆದು, "ಸಾರ್, ಒಂದು ದಿನ ನನಗೆ ಕೊಡಿ" ಅಂದರು. ಶನಿವಾರ ಬೆಳಗ್ಗೆ ಹಾಲ್‌ನಲ್ಲಿ ಅಣಕು ಸಂಸತ್ತು ಸೇರಿತು. ಹೆಡ್‌ಮಾಸ್ಟರೇ ಸ್ಪೀಕರು. ಎ ಸೆಕ್ಷನ್ ಆಡಳಿತ ಪಕ್ಷ, ಬಿ ಸೆಕ್ಷನ್ ವಿರೋಧ ಪಕ್ಷ, ನಾನು ವಿರೋಧ ಪಕ್ಷದ ನಾಯಕ. ನಿರ್ಣಯ ಒಂದೇ, ಎಲ್ಲ ಕ್ಯಾಟರ್‌ಬಿಲ್ಲು ಒಪ್ಪಿಸಬೇಕು. ಒಂದು ಗಂಟೆ ಕೂಗಾಡಿದರೂ ಎರಡೂ ಕಡೆಯವರ ಮಾತು ಒಂದೇ: ಅವರು ಮೊದಲು ಇಡಲಿ. ಆಗ ಮೇಷ್ಟ್ರು ಅಜ್ಜಿಯನ್ನು ಕರೆಸಿ ಸ್ಪೀಕರ್ ಪಕ್ಕ ಕುರ್ಚಿ ಹಾಕಿಸಿದರು. ಅಜ್ಜಿ ಕೂರಲಿಲ್ಲ. ನಿಂತುಕೊಂಡೇ ತೆಲುಗಿನಲ್ಲಿ ಹೇಳಿದಳು, ನಿಮ್ಮ ಜಗಳ ಏನೋ ನನಗೆ ಗೊತ್ತಿಲ್ಲ, ಮರ ಯಾರದೋ ಅದೂ ಬೇಡ, ಒಡೆದದ್ದು ನನ್ನ ಬಿಂದಿಗೆ, ಅದರ ದುಡ್ಡು ಯಾರು ಕೊಡ್ತೀರಿ? ಸುತ್ತ ಮುಕ್ಕಾಲು ಭಾಗ ಆಂಧ್ರ ಇರುವ ತಾಲ್ಲೂಕು ನಮ್ಮದು, ತರ್ಜುಮೆ ಯಾರಿಗೂ ಬೇಕಾಗಲಿಲ್ಲ.

ನಾನು ಎದ್ದು ಮಾತಾಡಿದೆ. ಏಟು ಎ ಸೆಕ್ಷನ್ನಿಗೂ ಬಿದ್ದಿಲ್ಲ, ಬಿ ಸೆಕ್ಷನ್ನಿಗೂ ಬಿದ್ದಿಲ್ಲ, ಜಗಳಕ್ಕೆ ಸಂಬಂಧವೇ ಇಲ್ಲದವರಿಗೆ ಬಿದ್ದಿದೆ, ಹಾಗಾಗಿ ಎರಡೂ ಕಡೆಯವರು ಒಟ್ಟಿಗೆ ಇಡಬೇಕು, ಇಟ್ಟಿದ್ದಾರೋ ಇಲ್ಲವೋ ಅಂತ ಮೂರನೆಯವರು ನೋಡಬೇಕು ಅಂದೆ. ಹೆಡ್‌ಮಾಸ್ಟರೇ ಮೇಜು ಕುಟ್ಟಿದರು. ನಾನು ಲಾಯರ್ ಆಗಬೇಕು ಅಂತ ಅಂದುಕೊಂಡದ್ದು ಆ ಗಳಿಗೆಯಲ್ಲೇ. ಎರಡು ಮಂಕರಿ ತಂದಿಟ್ಟರು. ಪಿಟಿ ಮೇಷ್ಟ್ರು ಸೀಟಿ ಊದಿದರೆ ಈ ಕಡೆಯಿಂದ ಒಬ್ಬ, ಆ ಕಡೆಯಿಂದ ಒಬ್ಬ ಬಂದು ಒಟ್ಟಿಗೆ ಹಾಕಬೇಕು. ಹುಡುಗಿಯರು ತಪಾಸಣೆ ಸಮಿತಿ. ಅವರು ಬ್ಯಾಗು ತಡಕಿ, ಒಬ್ಬನ ಟಿಫಿನ್ ಡಬ್ಬಿಯಲ್ಲಿ ರೊಟ್ಟಿ ಕೆಳಗೆ ಅಡಗಿಸಿದ್ದ ಒಂದನ್ನು ಹಿಡಿದೇಬಿಟ್ಟರು. ಎರಡೂ ಸೆಕ್ಷನ್ನಿನವರು ದುಡ್ಡು ಹಾಕಿ ಅಜ್ಜಿಗೆ ಬಿಂದಿಗೆ ತಂದುಕೊಟ್ಟೆವು, ಮಣ್ಣಿನದಲ್ಲ, ಹಿತ್ತಾಳೆದು. ಎಲ್ಲ ಮುಗಿದ ಮೇಲೆ ಮೇಷ್ಟ್ರು ಮಂಕರಿ ಮುಂದೆ ನಿಂತು ಹೇಳಿದ್ದು ಇಷ್ಟೇ: ಬೇಕರ್ 1932ರಲ್ಲಿ ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ ಅಧ್ಯಕ್ಷರ ಬಲಗೈಯಾಗಿ ದುಡಿದರು, ಅಲ್ಲೂ ನಿಮ್ಮ ಹಾಗೇ ಎಲ್ಲರೂ ಅವರು ಮೊದಲು ಇಡಲಿ ಅಂದರು, ಸಮ್ಮೇಳನ ಮುರಿದುಬಿತ್ತು.

ಅದೇ ಅಕ್ಟೋಬರಿನಲ್ಲಿ, 1982, ಬೇಕರ್ ತೀರಿಕೊಂಡ ಸುದ್ದಿಯನ್ನು ಮೇಷ್ಟ್ರು ಪ್ರಾರ್ಥನೆಯ ಹೊತ್ತಿಗೆ ಓದಿದರು. 92 ವರ್ಷ. 1929ರಲ್ಲಿ ಮೊದಲು ಕವೆಂಟ್ರಿಯಿಂದ ಗೆದ್ದು, 1936ರಿಂದ 1970ರವರೆಗೆ ಡರ್ಬಿಯಿಂದ ಎಂಪಿ ಆಗಿದ್ದವರು. 1959ರಲ್ಲಿ ನೊಬೆಲ್ ಶಾಂತಿ ಬಹುಮಾನ. ಒಲಿಂಪಿಕ್ ಪದಕ, ನೊಬೆಲ್ ಎರಡೂ ಗೆದ್ದವರು ಅವರೊಬ್ಬರೇ. ತೊಂಬತ್ತರ ಆಸುಪಾಸಿನಲ್ಲೂ, ಕಲ್ಕತ್ತದಲ್ಲಿ ಹುಟ್ಟಿದ್ದ ಇನ್ನೊಬ್ಬ ಮುದುಕ ಫೆನ್ನರ್ ಬ್ರಾಕ್‌ವೇ ಜೊತೆ ಸೇರಿ ನಿಶ್ಶಸ್ತ್ರೀಕರಣದ ಚಳವಳಿ ಶುರು ಮಾಡಿದ್ದರು. ಅಸೆಂಬ್ಲಿ ಸಾಲಿನಲ್ಲಿ ನಿಂತಿದ್ದ ನಮಗೆ ನೆಂಟರೊಬ್ಬರು ಹೋದಷ್ಟೇ ಸಂಕಟ ಆಯಿತು, ನಿಜವಾಗಿ.

ಈಗ ನನ್ನ ತಂಗಿಯ ಮೊಮ್ಮಗಳಿಗೂ ಈ ಹೆಸರು ಗೊತ್ತು. ಕೋಚಿಂಗಿನ ನೋಟ್ಸಿನಲ್ಲಿ ಇದೆ: 1959, ಶಾಂತಿ, ನೋಯೆಲ್-ಬೇಕರ್, ಒಂದು ಅಂಕ. ಅವರು ಮಾಡಿದ್ದೇನು ಅಂತ ಹೇಳಲು ಹೊರಟರೆ, "ತಾತ, ಇದು ಪರೀಕ್ಷೆಗೆ ಬರುತ್ತಾ?" ಅನ್ನುತ್ತಾಳೆ. ಮಗುವನ್ನು ಬೈದು ಏನು ಪ್ರಯೋಜನ? ಬೆಳಗ್ಗೆ ಐದಕ್ಕೆ ಎಬ್ಬಿಸಿ, ರಾತ್ರಿ ಒಂಬತ್ತರವರೆಗೆ ಕೂರಿಸುವವರು ನಾವೇ ಅಲ್ವಾ. ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ, ಸಂತೋಷ. ಆದರೆ ಆ ಬೋರ್ಡಿನ ಮೇಲೆ ಉತ್ತರ ಇಲ್ಲದ ಪ್ರಶ್ನೆಯನ್ನು ಒಂದು ವಾರ ಬಿಡುವ ಧೈರ್ಯ ಇರುವ ಮೇಷ್ಟ್ರಿಗೆ ಈಗ ಜಾಗ ಕಡಿಮೆ. ಸಿಲಬಸ್ ಮುಗಿಸದಿದ್ದರೆ ಅವರಿಗೇ ನೋಟಿಸು ಬರುತ್ತದೆ.

ಮೇಷ್ಟ್ರು ನಿವೃತ್ತರಾದ ಮೇಲೂ ನಮ್ಮ ಸಂಪರ್ಕ ತಪ್ಪಲಿಲ್ಲ. ಹೊಸದೇನಾದರೂ ಓದಿದರೆ ಫೋನ್ ಮಾಡಿ ಹೇಳುತ್ತಿದ್ದೆ. ಬೇಕರ್ ಕೂತಿದ್ದ ಅದೇ ಸಂಸತ್ತು 2008ರಲ್ಲಿ ಹವಾಮಾನ ಕಾಯ್ದೆ ಮಾಡಿ, 2050ರೊಳಗೆ ಇಂಗಾಲದ ಹೊಗೆಯನ್ನು 1990ರ ಮಟ್ಟಕ್ಕಿಂತ ಶೇಕಡ 80ರಷ್ಟು ಇಳಿಸಲೇಬೇಕು ಅಂತ ಸರ್ಕಾರದ ಕೈ ಕಟ್ಟಿತು ಅಂದಾಗ ಬಹಳ ಖುಷಿಪಟ್ಟರು. 2017ರಲ್ಲಿ ವಿಶ್ವಸಂಸ್ಥೆಯಲ್ಲಿ 122 ದೇಶಗಳು ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಓಟು ಹಾಕಿದಾಗಲೂ ಹೇಳಿದೆ. "ಬಾಂಬ್ ಇಟ್ಕೊಂಡೋರು ಯಾರಾದ್ರೂ ಬಂದ್ರಾ?" ಅಂದರು. ಇಲ್ಲ ಸಾರ್, ನಾವೂ ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಿನೀವಾಗಿಂತ ಇದು ವಾಸಿ ಕಣೋ, ಕಾಗದದ ಮೇಲಾದ್ರೂ ಬಂತಲ್ಲ" ಅಂದರು.

2018ರಲ್ಲಿ ನಮ್ಮ ತಾಲ್ಲೂಕಿನ ತಿರುಮಣಿಯ ಸೋಲಾರ್ ಪಾರ್ಕ್ ಶುರುವಾದ ಮೇಲೆ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಸುಮಾರು 13,000 ಎಕರೆ, ಪೂರ್ತಿಯಾದಾಗ 2,050 ಮೆಗಾವ್ಯಾಟ್. ಭೂಮಿ ಕೊಂಡುಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಗುತ್ತಿಗೆ ಕರಾರನ್ನು ಅಕ್ಷರ ಬಾರದ ಎಷ್ಟೋ ರೈತರಿಗೆ ನಾನೇ ಫೀಸಿಲ್ಲದೆ ಓದಿ, ಅರ್ಥ ಬಿಡಿಸಿ ಹೇಳಿದ್ದೆ. ಮೇಷ್ಟ್ರಿಗೆ ಅದು ಗೊತ್ತಾಗಿ ಬೆನ್ನು ತಟ್ಟಿದರು. ನೋಡಿದಷ್ಟು ದೂರ ಫಲಕಗಳು. "ಈ ಬಿಸಿಲನ್ನ ಹುಟ್ಟಿದಾಗಿಂದ ಬೈದಿದ್ದೀವಿ, ಈಗ ನೋಡು ಬಾಡಿಗೆ ಕೊಡ್ತಿದೆ" ಅಂತ ನಕ್ಕರು.

ವಾಪಸ್ ಬರುವಾಗ ರಸ್ತೆ ಪಕ್ಕ ಕುರಿ ಹೊಡೆದುಕೊಂಡು ಹೋಗುತ್ತಿದ್ದವರನ್ನು ಕಂಡು ಕಾರು ನಿಲ್ಲಿಸು ಅಂದರು. ಇಳಿದು, "ಈಗ ಕುರಿ ಎಲ್ಲಿ ಮೇಯಿಸ್ತೀಯಪ್ಪ?" ಅಂತ ಕೇಳಿದರು. ಅವರು ತಂತಿಬೇಲಿ ಕಡೆ ಕೈ ತೋರಿಸಿ, ಮೊದಲು ಅಲ್ಲಿ ಸ್ವಾಮಿ, ಈಗ ದೂರ ಹೋಗಬೇಕು ಅಂದರು. ಭೂಮಿ ಇದ್ದವರಿಗೆ ಗುತ್ತಿಗೆ ಹಣ ಬರುತ್ತದೆ, ಭೂಮಿ ಇಲ್ಲದ ಕೂಲಿಯವರಿಗೆ, ಕುರಿಯವರಿಗೆ ಅದು ಬರಲ್ಲ. ಸೌರಶಕ್ತಿ ಬೇಕೇ ಬೇಕು, ನಾನು ಅದರ ಪರ. ಆದರೆ ಮೇಷ್ಟ್ರು ಅವತ್ತು ಕಾರಿಗೆ ಹತ್ತುತ್ತಾ, "ಕರಾರಿನಲ್ಲಿ ಇವನ ಹೆಸರು ಎಲ್ಲಿದೆ ಲಾಯರೇ?" ಅಂದದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಈ ಬಗ್ಗೆ ಸಂಬಂಧಪಟ್ಟವರಿಗೆಲ್ಲ ಅರ್ಜಿ ಬರೆದಿದ್ದೇನೆ, ಈಗಲೂ ಬರೆಯುತ್ತಿದ್ದೇನೆ.

ನಮ್ಮ ಬ್ಯಾಚಿನಿಂದ ಶಾಲೆಗೆ ಒಂದು ದತ್ತಿ ಇಟ್ಟಿದ್ದೇವೆ. ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಮೇಷ್ಟ್ರ ನೆನಪಿಗೆ ಅಣಕು ಸಂಸತ್ತು ನಡೆಯಬೇಕು ಅನ್ನೋದು ನಮ್ಮೆಲ್ಲರ ಆಸೆ. ಮುಖ್ಯೋಪಾಧ್ಯಾಯರಲ್ಲಿ, ಹತ್ತನೇ ತರಗತಿಯ ಮಕ್ಕಳಲ್ಲಿ ನನ್ನದೊಂದು ಕೇಳಿಕೆ. ಮೊದಲ ವರ್ಷದ ವಿಷಯ ಸೋಲಾರ್ ಪಾರ್ಕ್ ಆಗಲಿ. ತಿರುಮಣಿ, ವಳ್ಳೂರು ಕಡೆಯಿಂದ ಕುರಿಯವರನ್ನೂ ಕೂಲಿ ಹೆಣ್ಣುಮಕ್ಕಳನ್ನೂ ಕರೆಸಿ, ಅವರಿಗೆ ಸ್ಪೀಕರ್ ಪಕ್ಕದಲ್ಲೇ ಕುರ್ಚಿ ಹಾಕಿಸಿ. ಅವರನ್ನು ಕರೆತರುವ ಗಾಡಿ, ಊಟದ ಖರ್ಚು ನನ್ನದು.