ಪಹಣಿಯಲ್ಲಿ ಮಾತ್ರ ಉಳಿದ ಊರು

ತಾತನ ಹೊಲದಲ್ಲಿ ಅಮ್ಮನಿಗೂ ಮಾವನಿಗೂ ಪಾಲಾಗಿ ವರ್ಷಗಳಾಗಿದ್ದವು, ಪಾಲಿನ ಪ್ರಕಾರ ಅಳೆದು ದಾಖಲೆಯಲ್ಲಿ ಬೇರೆ ಮಾಡುವ ಪೋಡಿ ಮಾತ್ರ ಆಗಿರಲಿಲ್ಲ. ತುಮಕೂರು ಜಿಲ್ಲೆಯ ಒಂದು ಸಣ್ಣ ಊರು ಅದು. ಈ ಸಲ ಮಾಡಿಸಿಯೇಬಿಡೋಣ ಅಂತ ಪಹಣಿ ತೆಗೆಸಿದೆ. ನೋಡಿದರೆ ಗ್ರಾಮದ ಹೆಸರಿನ ಜಾಗದಲ್ಲಿ ಮಾವನ ಊರಿಲ್ಲ, ನಾನು ಯಾವತ್ತೂ ಕೇಳಿರದ ಇನ್ನೊಂದು ಹೆಸರಿದೆ. ತಪ್ಪು ಪಹಣಿ ಬಂದಿದೆ ಅಂತ ಮಾವನಿಗೆ ಫೋನ್ ಮಾಡಿದೆ.

"ಸರಿಯಾಗೇ ಇದೆ ಕಣಪ್ಪ. ಅದು ಬೇಚರಾಕ್ ಗ್ರಾಮ" ಅಂದರು.

ಬೇಚರಾಕ್ ಅಂದರೆ ಜನವಸತಿ ಇಲ್ಲದ ಗ್ರಾಮ. ಗಡಿ ಇರುತ್ತದೆ, ನಕ್ಷೆ ಇರುತ್ತದೆ, ಸರ್ವೆ ನಂಬರುಗಳಿರುತ್ತವೆ, ಒಂದು ಮನೆಯೂ ಇರುವುದಿಲ್ಲ. ಮೂಲ ಪಾರ್ಸಿ ಪದ ಬೇ-ಚಿರಾಗ್, ದೀಪ ಇಲ್ಲದ್ದು ಅಂತ. ಅರ್ಥ ಗೊತ್ತಾದ ಮೇಲೆ ಆ ಪಹಣಿಯನ್ನು ಸುಮ್ನೆ ಮಡಚಿಡಲು ಆಗಲಿಲ್ಲ. ನಾವು ರಾಗಿ ಬೆಳೆಯುವ ಜಾಗದಲ್ಲಿ ಯಾರೋ ದೀಪ ಹಚ್ಚಿ ಬದುಕಿದ್ದರು ಅಲ್ವಾ? ಅವರು ಯಾರು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು.

ಕೈಬರಹದ ಹಳೇ ಪಹಣಿಗಳ ನಕಲು ಹಾಕಿಸಿದೆ. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋಗುವುದಕ್ಕಿಂತ ಮುಂಚಿನವು. 1970ರ ಆಸುಪಾಸಿನ ಹಾಳೆ ನೋಡಿ ನನಗೆ ನಿಜವಾಗಿಯೂ ಆಶ್ಚರ್ಯವಾಯಿತು. ಮಾಲೀಕರ ಹೆಸರು ಬರೆಯುವ 9ನೇ ಕಲಂನಲ್ಲಿ ತಾತ ಇಲ್ಲ, ಯಾರೋ ಬೇರೆಯವರು. ತಾತನ ಹೆಸರಿರುವುದು 12ನೇ ಕಲಂನಲ್ಲಿ, ಉಳುಮೆ ಮಾಡುವವರ ಸಾಲಿನಲ್ಲಿ. ಅಂದರೆ ತಾತ ಗೇಣಿದಾರ. ದೇವರಾಜ ಅರಸು ಅವರ ಕಾಲದ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ, ನಮೂನೆ 7ರಲ್ಲಿ ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಜಮೀನು ಅವರ ಹೆಸರಿಗೆ ಆಗಿದ್ದು. ನಮ್ಮ ಮನೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ತಲೆತಲಾಂತರದ್ದು ಅಂತಲೇ ನಾನು ತಿಳಿದಿದ್ದೆ. ತಾತನ ಹೆಸರಿರುವ ಆ 12ನೇ ಕಲಂ ಮೇಲೆ ನನಗೆ ಈಗ ಜಾಸ್ತಿ ಹೆಮ್ಮೆ, ಯಾಕೆಂದರೆ ಆ ಕಲಂನಲ್ಲಿ ಹೆಸರು ಬರೆಸಿಕೊಳ್ಳಲು ಆಗದೆ ಜಮೀನು ಕಳೆದುಕೊಂಡ ಗೇಣಿದಾರರು ಬೇಕಾದಷ್ಟು ಜನ ಇದ್ದರು.

ಅದಕ್ಕಿಂತ ಹಿಂದಕ್ಕೆ ಹೋಗಲು ಟಿಪ್ಪಣಿ ಬೇಕು, ಅಂದರೆ ಸರ್ವೆಯವರು ಹೊಲದ ಅಳತೆ ಬರೆದಿಟ್ಟ ಹಾಳೆ. ಮೈಸೂರು ಸೀಮೆಯಲ್ಲಿ ಸರ್ವೆ ಶುರುವಾಗಿದ್ದು 1863ರಲ್ಲಿ. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ, 1089 ಚದರಡಿ. ಅಂಥ 40 ಸೇರಿದರೆ ಎಕರೆ. ನಮ್ಮ ಸರ್ವೆ ನಂಬರಿನ ಟಿಪ್ಪಣಿಯಲ್ಲಿ ಬದುಗಳ ಅಳತೆ ಆಣೆ ಲೆಕ್ಕದಲ್ಲೇ ಇತ್ತು. ಜೊತೆಗೆ ಸಾಗುವಳಿಗೆ ಸೇರದ ಆರು ಗುಂಟೆ, 'ಬ' ಖರಾಬು. 'ಬ' ಅಂದರೆ ದಾರಿ, ಹಳ್ಳ ಇಂಥ ಎಲ್ಲರಿಗೂ ಸೇರಿದ ಜಾಗ. ಇಲ್ಲಿ ಅದು ಬಂಡಿದಾರಿ. ಹೊಲವನ್ನು ಓರೆಯಾಗಿ ಹಾದು ಪಡುವಣ ಮೂಲೆಗೆ ಹೋಗಿ ಅಲ್ಲಿಗೇ ನಿಲ್ಲುತ್ತದೆ. ಆ ಮೂಲೆಯಲ್ಲಿ ಲಂಟಾನ ಬಿಟ್ಟು ಏನೂ ಇಲ್ಲ. ಏನೂ ಇಲ್ಲದ ಜಾಗಕ್ಕೆ ಬಂಡಿ ಯಾಕೆ ಹೋಗುತ್ತಿತ್ತು?

ಒಂದು ಭಾನುವಾರ ಬೆಳಗ್ಗೆಯೇ ಮಾವನನ್ನು ಕರೆದುಕೊಂಡು ಹೊರಟೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೇವೆ ಅಂತ ತೋರಿಸುತ್ತದೆ, ಮಾವನಿಗೆ ಅದು ಬೇಕಾಗಿರಲಿಲ್ಲ. ಮಚ್ಚಿನಲ್ಲಿ ಲಂಟಾನ ಸವರುತ್ತಾ ಮುಂದೆ ಮುಂದೆ ನಡೆದರು. ಮೂಲೆಯಲ್ಲಿ ನೆಲ ಆಳೆತ್ತರ ಎದ್ದಿತ್ತು. ಊರಿನವರು ಅದನ್ನು ತಿಟ್ಟು ಅಂತ ಕರೆಯುತ್ತಾರೆ. ಸುತ್ತ ಎಲ್ಲ ಕೆಮ್ಮಣ್ಣು, ತಿಟ್ಟಿನದು ಮಾತ್ರ ಬೂದಿ ಬಣ್ಣ. ನೂರಾರು ವರ್ಷ ಒಲೆ ಉರಿದು, ತಿಪ್ಪೆ ಕೊಳೆತು, ಮಣ್ಣಿನ ಗೋಡೆ ಕರಗಿ ಆದ ಮಣ್ಣು. ಹಾಳೂರಿನ ಮಣ್ಣು ಅಂದರೆ ಗೊಬ್ಬರ ಇದ್ದ ಹಾಗೆ, ಅದಕ್ಕೇ ಎಷ್ಟೋ ಕಡೆ ಬಗೆದು ಸಾಗಿಸಿಬಿಟ್ಟಿದ್ದಾರೆ. ಕಾಲಿಟ್ಟಲ್ಲೆಲ್ಲ ಮಡಕೆ ಚೂರು. ಒಂದು ಅರ್ಧ ಒಡೆದ ಒರಳು. ಬೇಲಿ ಪಕ್ಕ ಅರ್ಧ ಹೂತ ಗುಂಡುಕಲ್ಲು, ಊರು ಕಟ್ಟುವಾಗ ನೆಡುವ ಕರುಗಲ್ಲು.

ಅಲ್ಲೇ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಬಂದು ನಿಂತರು.

"ಏನ್ ಹುಡುಕ್ತಿದೀಯಪ್ಪ?"

"ಇಲ್ಲಿ ಊರಿತ್ತಾ ಅಜ್ಜಿ?"

"ಇತ್ತಂತಪ್ಪ. ನಮ್ಮತ್ತೆ ಹೇಳೋರು. ದೊಡ್ಡ ಬರದಾಗೆ ಎಲ್ಲ ಹೋದ್ರಂತೆ, ಉಳಿದೋರು ಕೆರೆ ಆಚಿಗೆ ಬಂದ್ರಂತೆ."

ದೊಡ್ಡ ಬರ. ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 78. ನಾನು ಇದನ್ನು ಅಂಕಿಯಾಗಿ ಓದಿದ್ದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ, 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸಂಖ್ಯೆ ಎಂಟು ಲಕ್ಷಕ್ಕಿಂತ ಜಾಸ್ತಿ ಕುಸಿದಿದೆ. ಒಡೆದ ಒರಳಿನ ಪಕ್ಕ ನಿಂತು ಅದೇ ಅಂಕಿ ನೆನಪಾದಾಗ ಬೇರೆ ಥರ ಆಯಿತು. ಈ ಒರಳಲ್ಲಿ ಕೊನೆಗೆ ಏನು ರುಬ್ಬಿದ್ದರೋ ಅನ್ನಿಸಿತು. ಮಾವ ಕೂಡ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ತಿಟ್ಟಿನ ಮೇಲೆ ಒಂದು ಕಡೆ ಮಚ್ಚಿನ ತುದಿ ಟಣ್ ಅಂತು. ಕಲ್ಲು ಚಪ್ಪಡಿ. ಇಬ್ಬರೂ ಸೇರಿ ಸರಿಸಿದೆವು. ಒಬ್ಬರು ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಕತ್ತಲು. ಹಗೇವು. ಗಟ್ಟಿ ನೆಲದಲ್ಲಿ ಹೂಜಿಯ ಹಾಗೆ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು ಮಾಡಿ ತೋಡಿ, ರಾಗಿ ತುಂಬಿ, ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ವರ್ಷ ಮಳೆ ಕೈಕೊಟ್ಟರೆ ಹಗೇವು ಕಾಯುತ್ತದೆ. ಆದರೆ ಮಳೆ ಸಾಲಾಗಿ ಕೈಕೊಟ್ಟಿತ್ತು. ಇಣುಕಿ ನೋಡಲು ಹೋದೆ, ಮಾವ ತೋಳು ಹಿಡಿದು ಎಳೆದರು. ಒಳಗೆ ಕೆಟ್ಟ ಗಾಳಿ ಇರುತ್ತದೆ, ಹಿಂದಿನವರು ಬಾಯಿ ತೆಗೆದು ಗಾಳಿ ಆಡಲು ಬಿಟ್ಟೇ ಇಳಿಯುತ್ತಿದ್ದರು ಅಂದರು. ಫೋನಿನ ಬೆಳಕು ಬಿಟ್ಟು ನೋಡಿದೆ. ಬರೀ ಮಣ್ಣು.

ವಾಪಸು ಬರುವಾಗ ಕೆರೆಯ ಕೆಳಗಿನ ಗದ್ದೆಯ ಹೆಸರು ಕೇಳಿದೆ. "ಕೊಡಗಿ ಗದ್ದೆ" ಅಂದರು ಮಾವ. ಕೊಡಗಿನವರು ಯಾರೋ ಇಟ್ಟುಕೊಂಡಿದ್ದರು ಅಂತ ಅವರ ಲೆಕ್ಕ. ಆಮೇಲೆ ಬಿ.ಎಲ್. ರೈಸ್ 1904ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕದ ತುಮಕೂರು ಸಂಪುಟ ಹಿಡಿದು ಕೂತೆ. ಶಾಸನಗಳಲ್ಲಿ ಕೊಡಗೆ, ಕಟ್ಟುಕೊಡಗೆ ಅನ್ನುವ ಮಾತು ಬರುತ್ತದೆ. ಕೆರೆ ಕಟ್ಟಿಸಿದವರಿಗೆ, ಒಡೆದ ಏರಿ ಸರಿಮಾಡಿದವರಿಗೆ, ಅದೇ ಕೆರೆಯ ಕೆಳಗೆ ಬಿಟ್ಟುಕೊಟ್ಟ ಭೂಮಿ ಅದು. ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. "ಹಂಗಾದ್ರೆ ಕೆರೆ ಆ ಊರಿನೋರ್ದೇ?" ಅಂತ ಕೇಳಿದರು. ಕೆರೆ ಈಗಲೂ ಆ ಬೇಚರಾಕ್ ಗ್ರಾಮದ ನಕ್ಷೆಯಲ್ಲೇ ಇದೆ. ನೀರು ಕುಡಿಯುವವರು ನಾವು.

ಪೋಡಿಗೆ ಸರ್ವೆಯವರು ಬಂದ ದಿನ ಅಮ್ಮನೂ ಬಂದಿದ್ದಳು. ತಿಟ್ಟನ್ನು ಜೆಸಿಬಿಯಲ್ಲಿ ಮಟ್ಟ ಮಾಡಿಸಿ ಮಣ್ಣು ಹೊಲಕ್ಕೆ ಹರಡಬೇಕು ಅಂತ ಮಾವನಿಗೆ ಮೊದಲಿಂದ ಆಸೆ ಇತ್ತು, ಅದು ತಪ್ಪು ಅಂತ ನಾನೂ ಹೇಳಲಾರೆ, ಬೆಳೆ ತೆಗೆಯುವವರು ಅವರು. ಅಮ್ಮ ಎಲ್ಲ ಕೇಳಿಸಿಕೊಂಡು, "ಬಾವಿ ಇರೋ ಕಡೆ ನೀನೇ ಇಟ್ಕೊಳೋ, ತಿಟ್ಟಿನ ಕಡೆ ನನಗಿರಲಿ" ಅಂದಳು. ಗಡಿಕಲ್ಲು ಹಾಗೆಯೇ ನೆಟ್ಟರು. ಸಂಜೆ ಮಾವನೇ ಹಗೇವಿನ ಚಪ್ಪಡಿ ಸರಿಯಾಗಿ ಕೂರಿಸಿ, ಮೇಕೆಗಳ ಕಾಲು ಸಿಗಬಾರದು ಅಂತ ಸುತ್ತ ಮುಳ್ಳು ಹಾಕಿದರು.