ನವೆಂಬರ್ 7ರ ಬಳಗ

ನಮ್ಮ ಹೈಸ್ಕೂಲಿನಲ್ಲಿ ಹುಟ್ಟುಹಬ್ಬದ ದಿನ ಯೂನಿಫಾರಂ ಬಿಟ್ಟು ಕಲರ್ ಡ್ರೆಸ್ ಹಾಕಿಕೊಂಡು ಬರಬಹುದಿತ್ತು, ಕ್ಲಾಸಿಗೆಲ್ಲ ಚಾಕೊಲೇಟ್ ಹಂಚಬಹುದಿತ್ತು. ವಿಜ್ಞಾನದ ಮೇಷ್ಟ್ರು ಇದಕ್ಕೊಂದು ಷರತ್ತು ಸೇರಿಸಿದ್ದರು. ಅದೇ ತಾರೀಖಿನಲ್ಲಿ ಹುಟ್ಟಿದ ಯಾರಾದರೂ ಒಬ್ಬರನ್ನು ಹುಡುಕಿಕೊಂಡು ಬಂದು, ಅವರು ಏನು ಮಾಡಿದರು ಅಂತ ಎದ್ದು ನಿಂತು ಹೇಳಬೇಕು. ಚಾಕೊಲೇಟ್ ಆಮೇಲೆ. ಆಗ ಹುಡುಕುವುದು ಈಗಿನಷ್ಟು ಸುಲಭ ಇರಲಿಲ್ಲ. ಲೈಬ್ರರಿಯ ವಿಶ್ವಕೋಶ, ಹಳೇ ಪೇಪರ್ ಕಟಿಂಗು, ಕೊನೆಗೆ ಮೇಷ್ಟ್ರೇ.

ಕ್ಲಾಸಿನಲ್ಲಿ ತುಂಬಾ ಜನರ ಜನ್ಮದಿನ ಜೂನ್ 1 ಆಗಿತ್ತು. ಯಾಕೆ ಅಂತ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಹೇಳಬೇಕಾಗಿಲ್ಲ. ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದ ಅಪ್ಪನಿಗೆ ತಾರೀಖು ನೆನಪಿರುತ್ತಿರಲಿಲ್ಲ, ಮಳೆ ಜಾಸ್ತಿ ಬಂದ ವರ್ಷ, ಜಾತ್ರೆಯಾದ ವಾರ ಅಂತೇನೋ ಹೇಳುತ್ತಿದ್ದರು, ಮೇಷ್ಟ್ರು ರಿಜಿಸ್ಟರಿನಲ್ಲಿ ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರು. ನಮ್ಮ ಮೇಷ್ಟ್ರು ಅಂಥವರಿಗೆಲ್ಲ, ವರ್ಷದ ಯಾವ ದಿನ ಬೇಕಾದರೂ ಆರಿಸಿಕೊಳ್ಳಿ ಅಂದಿದ್ದರು. ಅದು ನನಗೆ ಇವತ್ತಿಗೂ ತುಂಬಾ ಇಷ್ಟವಾದ ಮಾತು.

ನನ್ನದು ನವೆಂಬರ್ 7. ರಿಜಿಸ್ಟರಿನಲ್ಲೂ ಅದೇ, ಮನೆಯಲ್ಲೂ ಅದೇ. ನಾನು ಸರ್ ಸಿ.ವಿ. ರಾಮನ್ ಹೆಸರು ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಕಮಲ್ ಹಾಸನ್ ಅಂತ ಕೂಗಿದ. ಮೇಷ್ಟ್ರು ರೇಗಲಿಲ್ಲ, ಅವರೂ ಹೌದು ಅಂತ ಇಬ್ಬರ ಹೆಸರನ್ನೂ ಬೋರ್ಡಿನ ಮೇಲೆ ಬರೆದರು. ಅದರ ಕೆಳಗೆ ಇನ್ನೆರಡು ಹೆಸರು ಸೇರಿಸಿದರು: ಮೇರಿ ಕ್ಯೂರಿ, 1867, ವಾರ್ಸಾ. ಲೀಜ಼ ಮೈಟ್ನರ್, 1878, ವಿಯೆನ್ನಾ. ಮೊದಲನೆಯದು ಎಲ್ಲರಿಗೂ ಗೊತ್ತಿತ್ತು. ಎರಡನೆಯದನ್ನು ನಾವು ಯಾರೂ ಕೇಳಿಯೇ ಇರಲಿಲ್ಲ.

ಅವತ್ತು ಮೇಷ್ಟ್ರು ಮೈಟ್ನರ್ ಬಗ್ಗೆ ಹೇಳಿದ್ದು ಸ್ವಲ್ಪ. ಉಳಿದದ್ದನ್ನು ನಾನು ಆಮೇಲೆ ಓದಿಕೊಂಡೆ, ಈಗಲೂ ಓದುತ್ತಿದ್ದೇನೆ. ವಿಯೆನ್ನಾದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಮುಗಿಸಿ 1907ರಲ್ಲಿ ಆಕೆ ಬರ್ಲಿನ್‌ಗೆ ಹೋದರು. ಆಟೋ ಹಾನ್ ಎಂಬ ರಸಾಯನಶಾಸ್ತ್ರಜ್ಞರ ಜೊತೆ ಕೆಲಸ. ಆದರೆ ಹಾನ್ ಇದ್ದ ಸಂಸ್ಥೆಯೊಳಗೆ ಹೆಂಗಸರಿಗೆ ಪ್ರವೇಶ ಇರಲಿಲ್ಲ. ನೆಲಮಾಳಿಗೆಯಲ್ಲಿ ಬಡಗಿಗಳು ಬಳಸುತ್ತಿದ್ದ ಒಂದು ಕೋಣೆಯನ್ನು ಬಿಟ್ಟುಕೊಟ್ಟರು, ಅದಕ್ಕೆ ಹೊರಗಿನಿಂದ ಬೇರೆ ಬಾಗಿಲು. ಮೇಲಿನ ಲ್ಯಾಬಿಗೆ ಹತ್ತುವ ಹಾಗಿಲ್ಲ. ಟಾಯ್ಲೆಟ್ಟಿಗೆ ಹೋಗಬೇಕಾದರೆ ರಸ್ತೆಗಿಳಿದು ಹತ್ತಿರದ ಹೋಟೆಲಿಗೆ ಹೋಗಬೇಕು. ಹೀಗೆ ಶುರು ಮಾಡಿದವರು 1926ರ ಹೊತ್ತಿಗೆ ಜರ್ಮನಿಯಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಆದ ಮೊದಲ ಮಹಿಳೆಯಾಗಿದ್ದರು.

ಹಿಟ್ಲರ್ ಬಂದ ಮೇಲೆ, 1933ರಲ್ಲಿ, ಯಹೂದಿ ಮನೆತನದವರು ಅಂತ ಪಾಠ ಹೇಳುವ ಹಕ್ಕು ಕಿತ್ತುಕೊಂಡರು. 1938ರ ಜುಲೈನಲ್ಲಿ ಗಡಿ ದಾಟಿ ಹಾಲೆಂಡಿಗೆ ಓಡಿಹೋಗಬೇಕಾಯಿತು. ಪರ್ಸಿನಲ್ಲಿ ಇದ್ದದ್ದು 10 ಮಾರ್ಕ್. ದಾರಿಯಲ್ಲಿ ಗಡಿ ಕಾವಲಿನವರಿಗೆ ಕೊಡಬೇಕಾಗಿ ಬಂದರೆ ಇರಲಿ ಅಂತ ಹಾನ್ ತಮ್ಮ ತಾಯಿಯ ವಜ್ರದ ಉಂಗುರ ಕೊಟ್ಟು ಕಳಿಸಿದ್ದರು. ಅಲ್ಲಿಂದ ಸ್ವೀಡನ್. ಆ ವರ್ಷದ ಕ್ರಿಸ್‌ಮಸ್ ಸಮಯದಲ್ಲಿ ಹಾನ್ ಬರ್ಲಿನ್ನಿಂದ ಕಾಗದ ಬರೆದರು: ಯುರೇನಿಯಂಗೆ ನ್ಯೂಟ್ರಾನ್ ಹೊಡೆದರೆ ಬೇರಿಯಂ ಸಿಗುತ್ತಿದೆ, ಇದು ಹೇಗೆ ಸಾಧ್ಯ? ಮೈಟ್ನರ್ ಮತ್ತು ಅವರ ಅಕ್ಕನ ಮಗ ಆಟೋ ಫ್ರಿಶ್ ಹಿಮದಲ್ಲಿ ನಡೆಯುತ್ತಾ ಅದನ್ನೇ ಚರ್ಚೆ ಮಾಡಿದರು, ಬಿದ್ದ ಮರದ ದಿಮ್ಮಿಯ ಮೇಲೆ ಕೂತು ಕೈಗೆ ಸಿಕ್ಕ ಚೀಟಿಗಳ ಮೇಲೆ ಲೆಕ್ಕ ಹಾಕಿದರು. ನ್ಯೂಕ್ಲಿಯಸ್ ಎರಡಾಗಿ ಒಡೆದಿದೆ. ಕಳೆದುಹೋದ ದ್ರವ್ಯರಾಶಿ ಪ್ರೋಟಾನಿನ ಐದನೇ ಒಂದು ಭಾಗದಷ್ಟು, ಅದು ಶಕ್ತಿಯಾದರೆ ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಲೆಕ್ಕ ಸರಿಯಾಗಿ ಕೂತಿತು. ಪರಮಾಣು ವಿದಳನದ ಮೊದಲ ಸರಿಯಾದ ವಿವರಣೆ ಇದೇ.

1944ರ ರಸಾಯನಶಾಸ್ತ್ರದ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ಮೈಟ್ನರ್ ಹೆಸರನ್ನು ಬೇರೆ ಬೇರೆ ವರ್ಷಗಳಲ್ಲಿ 40ಕ್ಕೂ ಹೆಚ್ಚು ಸಲ ಸೂಚಿಸಿದ್ದರು, ಕೊಡಲೇ ಇಲ್ಲ. ಇದು ಅನ್ಯಾಯ. ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ. ಬಾಂಬ್ ತಯಾರಿಕೆಗೆ ಕರೆದಾಗ ಆಕೆ ಹೋಗಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. 1997ರಲ್ಲಿ 109ನೇ ಮೂಲವಸ್ತುವಿಗೆ ಮೈಟ್ನೇರಿಯಂ ಅಂತ ಹೆಸರಿಟ್ಟರು, ಅಷ್ಟೊತ್ತಿಗೆ ಅವರು ತೀರಿಕೊಂಡು 29 ವರ್ಷ ಆಗಿತ್ತು.

ಇನ್ನೊಂದು ವಿಷಯ ಗೊತ್ತಾದಾಗ ನನಗೆ ನಮ್ಮ ಜೂನ್ 1ರ ಗೆಳೆಯರೇ ಕಣ್ಮುಂದೆ ಬಂದರು. ವಿಯೆನ್ನಾದ ಯಹೂದಿ ಸಮುದಾಯದ ಜನನ ರಿಜಿಸ್ಟರಿನಲ್ಲಿ ಮೈಟ್ನರ್ ಹುಟ್ಟಿದ್ದು ನವೆಂಬರ್ 17 ಅಂತ ಇದೆ. ಉಳಿದ ಎಲ್ಲ ದಾಖಲೆಗಳಲ್ಲೂ 7. ಆಕೆ ಆಚರಿಸಿದ್ದೂ 7ನೇ ತಾರೀಖನ್ನೇ.

ಮೇರಿ ಕ್ಯೂರಿ ಕತೆ ನಿಮ್ಮ ಪಠ್ಯದಲ್ಲೇ ಇರುತ್ತದೆ, ಅದನ್ನು ಉದ್ದ ಮಾಡುವುದಿಲ್ಲ. ಒಂದು ಫೋಟೋ ಬಗ್ಗೆ ಮಾತ್ರ ಹೇಳುತ್ತೇನೆ. 1933ರ ಅಕ್ಟೋಬರ್ ಕೊನೆಯಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ, ಭೌತವಿಜ್ಞಾನಿಗಳ ಸಾಲ್ವೇ ಸಮ್ಮೇಳನದ ಗ್ರೂಪ್ ಫೋಟೋ ಅದು. ಸಾಲುಸಾಲಾಗಿ ಸೂಟು ಹಾಕಿದ ಗಂಡಸರು. ಮುಂದೆ ಕೂತವರಲ್ಲಿ ಮೂವರು ಮಾತ್ರ ಹೆಂಗಸರು: ಮೇರಿ ಕ್ಯೂರಿ, ಅವರ ಮಗಳು ಐರೀನ್, ಮತ್ತೆ ಲೀಜ಼ ಮೈಟ್ನರ್. ಸುಮ್ನೆ ಒಂದು ಸಲ ಹುಡುಕಿ ನೋಡಿ. ನವೆಂಬರ್ 7ಕ್ಕೆ ಹುಟ್ಟಿದ ಇಬ್ಬರು ಒಂದೇ ಸಾಲಿನಲ್ಲಿ ಕೂತಿದ್ದಾರೆ, ಹುಟ್ಟುಹಬ್ಬಕ್ಕೆ ಇನ್ನು ಕೆಲವೇ ದಿನ. ಕ್ಯೂರಿಗೆ ಅದೇ ಕೊನೆಯ ಹುಟ್ಟುಹಬ್ಬ, ಮುಂದಿನ ಜುಲೈನಲ್ಲಿ ತೀರಿಕೊಂಡರು.

ವಿಯೆನ್ನಾದಲ್ಲಿ ಇದೇ ದಿನ ಇನ್ನೂ ಇಬ್ಬರು ನೊಬೆಲ್ ವಿಜೇತರು ಹುಟ್ಟಿದ್ದಾರೆ ಅಂತ ನನಗೆ ಗೊತ್ತಾದದ್ದು ಶಾಲೆ ಬಿಟ್ಟು ಎಷ್ಟೋ ವರ್ಷ ಆದ ಮೇಲೆ. ಕಾನ್ರಾಡ್ ಲೊರೆಂಟ್ಸ್, 1903. ಎರಿಕ್ ಕ್ಯಾಂಡೆಲ್, 1929. ಲೊರೆಂಟ್ಸ್ ಹೆಸರು ಗೊತ್ತಿಲ್ಲದಿದ್ದರೂ, ಹೆಬ್ಬಾತಿನ ಮರಿಗಳು ಒಬ್ಬ ಮನುಷ್ಯನನ್ನೇ ತಾಯಿ ಅಂದುಕೊಂಡು ಹಿಂದೆ ಹಿಂದೆ ಹೋಗುವ ಫೋಟೋ ನೀವು ನೋಡಿರುತ್ತೀರಿ, ಆ ಮನುಷ್ಯ ಇವರೇ. ಮೈಟ್ನರ್ ದೇಶ ಬಿಟ್ಟು ಓಡಿದ 1938ರಲ್ಲೇ ಈ ಲೊರೆಂಟ್ಸ್ ನಾಜಿ ಪಕ್ಷ ಸೇರಿದರು. ಕ್ಯಾಂಡೆಲ್ ಆಗ ಯಹೂದಿ ಮನೆಯ ಚಿಕ್ಕ ಹುಡುಗ, ಅಪ್ಪನದು ಆಟದ ಸಾಮಾನಿನ ಅಂಗಡಿ. ಒಂಬತ್ತನೇ ಹುಟ್ಟುಹಬ್ಬಕ್ಕೆ ನೀಲಿ ಬಣ್ಣದ, ರಿಮೋಟಿನಲ್ಲಿ ಓಡುವ ಆಟದ ಕಾರು ಸಿಕ್ಕಿತ್ತು. ಎರಡು ದಿನ ಕಳೆದು ನವೆಂಬರ್ 9ರ ರಾತ್ರಿ ಪೊಲೀಸರು ಬಾಗಿಲು ಬಡಿದು ಮನೆ ಖಾಲಿ ಮಾಡಿಸಿದರು. ಕೆಲವು ದಿನ ಬಿಟ್ಟು ವಾಪಸ್ ಬಂದಾಗ ಬೆಲೆಬಾಳುವ ಸಾಮಾನೆಲ್ಲ ಹೋಗಿತ್ತು. ಕಾರೂ ಹೋಗಿತ್ತು. ಮರುವರ್ಷ ಆ ಕುಟುಂಬ ಅಮೆರಿಕಕ್ಕೆ ಹೋಯಿತು. ಆ ಹುಡುಗ ಬೆಳೆದು ಜೀವನವಿಡೀ ಅಧ್ಯಯನ ಮಾಡಿದ್ದು ನೆನಪನ್ನು. ಅಪ್ಲೀಸಿಯಾ ಅನ್ನುವ ಕಡಲ ಜೀವಿಯ ನರಕೋಶಗಳು ತುಂಬಾ ದೊಡ್ಡವು, ಅವನ್ನು ಇಟ್ಟುಕೊಂಡು ನೆನಪು ಹೇಗೆ ಉಳಿಯುತ್ತದೆ ಅಂತ ತೋರಿಸಿದರು: ಕ್ಷಣಕಾಲದ ನೆನಪಿಗೆ ನರಕೋಶಗಳ ನಡುವೆ ಈಗಾಗಲೇ ಇರುವ ಕೊಂಡಿ ಗಟ್ಟಿಯಾದರೆ ಸಾಕು, ಬಹುಕಾಲ ಉಳಿಯಬೇಕಾದರೆ ಹೊಸ ಕೊಂಡಿಗಳೇ ಬೆಳೆಯಬೇಕು. 2000ದಲ್ಲಿ ನೊಬೆಲ್ ಬಂತು.

ಒಂದೇ ಊರು, ಒಂದೇ ತಾರೀಖು, ಮೂರು ದಾರಿ. ಜಾತಕ ನಂಬುವ ನಮ್ಮ ದೊಡ್ಡಮ್ಮನಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ಆ ಹುಡುಗನಿಗೆ ಆಮೇಲೆ ಯಾರಾದರೂ ಕಾರು ಕೊಡಿಸಿದರಾ ಅಂತ ಕೇಳಿದರು.

ಸಾಹಿತ್ಯ ಇಷ್ಟ ಇರುವವರಿಗೆ ಆಲ್ಬೇರ್ ಕಮೂ ಇದ್ದಾರೆ. 1913ರ ನವೆಂಬರ್ 7, ಅಲ್ಜೀರಿಯಾ. ಅಪ್ಪ ಮೊದಲ ಮಹಾಯುದ್ಧದಲ್ಲಿ ಸತ್ತರು. ಅಮ್ಮನಿಗೆ ಓದು ಬರಹ ಇಲ್ಲ, ಕಿವಿ ಸರಿಯಾಗಿ ಕೇಳಿಸದು, ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರು. ಪ್ರೈಮರಿ ಮೇಷ್ಟ್ರು ಲೂಯಿ ಜೆರ್ಮೇನ್ ಪುಕ್ಕಟೆ ಪಾಠ ಹೇಳಿ ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರಿಸಿದರು. 1957ರಲ್ಲಿ ನೊಬೆಲ್ ಬಂದಾಗ ಕಮೂ ಆ ಮೇಷ್ಟ್ರಿಗೆ ಕಾಗದ ಬರೆದರು. ಸುದ್ದಿ ಕೇಳಿದಾಗ ಮೊದಲು ಅಮ್ಮ, ಆಮೇಲೆ ನೀವು ನೆನಪಾದಿರಿ ಅಂತ ಅದರಲ್ಲಿ ಇದೆ. ಈ ಕಾಗದವನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಓದಬೇಕು ಅಂತ ನನ್ನ ಆಸೆ.

ಕೊನೆಗೆ ನಮ್ಮ ರಾಮನ್. ಹುಟ್ಟಿದ್ದು ತಿರುಚಿನಾಪಳ್ಳಿ, 1888. ದೊಡ್ಡ ಸಂಶೋಧನೆ ಮಾಡಿದ್ದು ಕಲ್ಕತ್ತಾದಲ್ಲಿ, ಆದರೆ ಹೊಸ ವಿಕಿರಣದ ಬಗ್ಗೆ 1928ರ ಮಾರ್ಚ್ 16ರಂದು ಆ ಹೆಸರಾಂತ ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ. ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಡೈರೆಕ್ಟರ್ ಆಗಿ ಬಂದದ್ದು 1933ರಲ್ಲಿ. ಮುಂದೆ ತಮ್ಮದೇ ಸಂಸ್ಥೆ ಕಟ್ಟಿದರು, 1970ರಲ್ಲಿ ತೀರಿಕೊಂಡಾಗ ಅದರ ತೋಟದಲ್ಲೇ ದಹನ ಮಾಡಿದರು. ನಾನು ಅವರನ್ನು ತುಂಬಾ ಗೌರವಿಸುತ್ತೇನೆ. ಅದಕ್ಕೇ ಇದನ್ನೂ ಹೇಳುತ್ತೇನೆ. ಅದೇ 1933ರಲ್ಲಿ ಬೊಂಬಾಯಿಯಿಂದ ಬಂದ ಕಮಲಾ ಭಾಗವತ್ ಎಂಬ ಹುಡುಗಿಗೆ, ಹೆಣ್ಣು ಅನ್ನುವ ಕಾರಣಕ್ಕೆ, ರಾಮನ್ ಸೀಟು ಇಲ್ಲ ಅಂದರು. ಆಕೆ ಹಟ ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥ ಅಂತ ಷರತ್ತು ಹಾಕಿ ಸೇರಿಸಿಕೊಂಡರು, ಆಕೆಯ ಕೆಲಸ ನೋಡಿದ ಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. ಕಮಲಾ ಸೊಹೊನಿ ಅಂದರೆ ಇವರೇ, 1939ರಲ್ಲಿ ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದರು. 1940ರಲ್ಲಿ ರಾಮನ್ ಲ್ಯಾಬಿಗೆ ಅನ್ನಾ ಮಣಿ ಬಂದರು, ವಜ್ರ ಮತ್ತು ಮಾಣಿಕ್ಯದ ರೋಹಿತಗಳ ಮೇಲೆ ರಾತ್ರಿ ಹಗಲು ಕೆಲಸ ಮಾಡಿದರು. ಎಂ.ಎಸ್ಸಿ. ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಆ ಪ್ರಬಂಧ ಈಗಲೂ ರಾಮನ್ ಸಂಸ್ಥೆಯ ಲೈಬ್ರರಿಯಲ್ಲಿದೆ. ಅವರು ಮುಂದೆ ಹವಾಮಾನ ಇಲಾಖೆಗೆ ಹೋಗಿ, ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ನಮ್ಮ ದೇಶದಲ್ಲೇ ಮಾಡುವ ಹಾಗೆ ಮಾಡಿದರು.

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23. ಆ ದಿನ ಹುಟ್ಟುಹಬ್ಬ ಇರುವವರು ಯಾರಾದರೂ ಈಗ ನಮ್ಮ ಶಾಲೆಯಲ್ಲಿದ್ದರೆ, ಅಥವಾ ಜೂನ್ 1ರವರು ಯಾರಾದರೂ ಆ ದಿನವನ್ನು ಆರಿಸಿಕೊಂಡರೆ, ದಯವಿಟ್ಟು ಅವರ ಬಗ್ಗೆಯೇ ಮಾತಾಡಿ.